ಕತ್ತಿಯಿಲ್ಲದ ವೀರಗಲ್ಲು

ಮೊಮ್ಮಗಳು ಹುಟ್ಟಿದ ಸಂಭ್ರಮದಲ್ಲಿ ಮೊನ್ನೆ ಹಿರಿಯೂರಿನ ಅಂಗಡಿಯೊಂದರಲ್ಲಿ ಹೊಸ ಕಂಬಳಿ ಬಿಚ್ಚಿಸಿದೆ. ಉಣ್ಣೆಗೆ ಹಾಕಿದ್ದ ಹುಣಸೆಬೀಜದ ಗಂಜಿಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಕೂಡಲೇ ಬೆನ್ನು ನೋಯತೊಡಗಿತು. ನಗಬೇಡಿ. ಆ ವಾಸನೆಗೂ ನನ್ನ ಬೆನ್ನಿಗೂ ಹಳೆಯ ನಂಟು.

ಎಪ್ಪತ್ತರ ದಶಕದಲ್ಲಿ ನಾನು ಬಬ್ಬೂರು ಕೃಷಿ ಫಾರಂನಲ್ಲಿ ಗುಮಾಸ್ತ. ಆಸ್ತಿಯೆಂದು ಹೇಳಿಕೊಳ್ಳಲು ಇದ್ದದ್ದು ಒಂದು ಮೀಸೆ. ದಿನವೂ ಎಣ್ಣೆ ಹಚ್ಚಿ ತಿರುವುತ್ತಿದ್ದೆ. ಹಾಗಾಗಿ ರಾಮಗಿರಿಯಲ್ಲಿದ್ದ ನಮ್ಮ ದೊಡ್ಡಪ್ಪನ ಮಗ, ಶಿಲ್ಪಿ ತಿಪ್ಪೇಸಣ್ಣ, "ಭಾನುವಾರ ಬಾರಲೇ, ಒಂದು ಕಲ್ಲು ಕೆತ್ತಾಕೆ ನೀನು ನನ್ನ ಮುಂದೆ ಕುಂತ್ಕಬೇಕು" ಎಂದಾಗ ಮೀಸೆಗೇ ಕರೆ ಬಂತೆಂದು ಹಿಗ್ಗಿಹೋದೆ.

ಹರಿಯಬ್ಬೆ ಕಡೆಯ ಕುರಿ ಕಾಯುವವನೊಬ್ಬ ಆಲಿಕಲ್ಲು ಮಳೆಗೆ ಸಿಕ್ಕಿ ಬಯಲಿನಲ್ಲೇ ಸತ್ತಿದ್ದ. ಅವನ ಕಂಬಳಿಯಡಿ, ಹೊಟ್ಟೆಗೆ ಆತುಕೊಂಡಿದ್ದ ಎಳೆಮರಿಗಳು ಬದುಕಿದ್ದವು. ಅವನಿಗೊಂದು ವೀರಗಲ್ಲು ಬೇಕೆಂದು ಊರವರು ಹೇಳಿಕಳಿಸಿದ್ದರು. ದುರ್ಗದ ಸುತ್ತಮುತ್ತ ನೀವೂ ಕಂಡಿರುತ್ತೀರಿ: ಎದೆಯುಬ್ಬಿಸಿ ನಿಂತ ಗಂಡಸು, ಹುರಿ ಮೀಸೆ, ಎತ್ತಿದ ಕತ್ತಿ.

ತಿಪ್ಪೇಸಣ್ಣ ನನ್ನ ಮುಖವನ್ನು ನೋಡಲೇ ಇಲ್ಲ. ಹೊಸ ಕಂಬಳಿ ಹೊದಿಸಿ, ಮಡಿಲಿಗೊಂದು ಕುರಿಮರಿ ಕೊಟ್ಟು, "ಬಗ್ಗು" ಎಂದ. ಬಗ್ಗಿದೆ.

"ಇನ್ನೂ ಬಗ್ಗಲೇ. ಮಳೆ ನಿನ್ನ ಬೆನ್ನಿಗೆ ಬೀಳ್ಬೇಕು, ಮರಿಗಲ್ಲ."

ಮರಿ ನನ್ನ ಪಂಚೆ ಒದ್ದೆ ಮಾಡಿತು. "ಅಲ್ಲಣ್ಣ, ಮೀಸೆ?" ಎಂದು ಕೇಳಿಯೇಬಿಟ್ಟೆ.

"ಬಗ್ಗಿದೋನ ಮೀಸೆ ಯಾರಿಗೆ ಕಾಣ್ತೈತೆ?"

ಹೀಗೆ ಎಷ್ಟೋ ಭಾನುವಾರ ಬಗ್ಗಿ ಕೂತೆ. ಕಲ್ಲು ರಾಮಗಿರಿ ಬೆಟ್ಟದ ತಪ್ಪಲಿನದೇ. ನುಣುಪು ಕಲ್ಲು ತರಿಸಬಾರದೇ ಎಂದರೆ, "ನಮ್ಮ ಕಡೆ ಗಂಡಸು ಅಷ್ಟು ನುಣ್ಣಗಿರ್ತಾನೇನು?" ಎಂದ. ಕೆಳಗಿನ ಅರ್ಧಕ್ಕೆ ಉಳಿ ತಾಗಿಸಲೇ ಇಲ್ಲ. ಬಂಡೆಯೇ ಮೆಲ್ಲಗೆ ಕಂಬಳಿಯಾಗಿ, ಕಂಬಳಿಯೇ ಬೆನ್ನಾಗಿ ಮೇಲೆದ್ದಿತ್ತು. ನನಗಂತೂ ಅದು ತುಂಬಾ ಇಷ್ಟವಾಯಿತು, ಮೀಸೆಯ ದುಃಖ ಇದ್ದರೂ.

ಕಲ್ಲು ನೋಡಲು ಬಂದ ಊರಗೌಡರಿಗೆ ಇಷ್ಟವಾಗಲಿಲ್ಲ. "ಇದೇನಪ್ಪ, ಹೆಂಗಸು ಕೂಸಿಗೆ ಹಾಲು ಕುಡಿಸ್ದಂಗೈತೆ! ಕತ್ತಿ ಕೆತ್ತು. ಇಲ್ಲಾಂದ್ರೆ ಈ ಕಲ್ಲು ನಮ್ಮೂರಿಗೆ ಬರಾಕಿಲ್ಲ."

"ಅವನ ಎರಡೂ ಕೈಯಾಗೆ ಮರಿ ಅವೆ ಗೌಡ್ರೆ. ಕತ್ತಿ ಎಲ್ಲಿ ಹಿಡಿಸ್ಲಿ?"

"ಹಂಗಾದ್ರೆ ಬೇರೆಯೋರ ಕೈಲಿ ಮಾಡಿಸ್ತೀವಿ."

"ಮಾಡಿಸ್ಕಳ್ರಿ. ಇದರ ಮ್ಯಾಲೆ ಮಾತ್ರ ಇನ್ನೊಂದು ಉಳಿ ಏಟು ಬೀಳಾಕಿಲ್ಲ."

ಸೊಂಟಕ್ಕೊಂದು ಸಣ್ಣ ಚೂರಿಯಾದರೂ ಇರಲಿ ಎಂದು ನಾನು ಪಿಸುಗುಟ್ಟಿದೆ. ಅವನು ದುರುಗುಟ್ಟಿ ನೋಡಿದ. ತಿಂಗಳುಗಟ್ಟಲೆ ಮಾಡಿದ ಕೆಲಸ ಅಂಗಳದಲ್ಲೇ ಉಳಿಯುತ್ತದೆಂದು ನನಗೆ ಸಂಕಟ; ಅವನು ಉಳಿಗಳನ್ನು ಒರೆಸಿ ಚೀಲಕ್ಕೆ ತುಂಬುತ್ತಿದ್ದ.

ಗೌಡರ ಜೊತೆ ಸತ್ತವನ ಹೆಂಡತಿ ಕೆಂಚಮ್ಮನೂ ಬಂದಿದ್ದಳು. ಕಲ್ಲಿನ ಹಿಂದಕ್ಕೆ ಹೋಗಿ ಆ ಬೆನ್ನಿನ ಮೇಲೆ ಅಂಗೈ ಆಡಿಸಿದಳು.

"ಗೌಡ್ರೆ, ಇದು ನಮ್ಮನೆಯೋರೇ. ಮೀಸೆ, ಕತ್ತಿ ಬೇಕಂದ್ರೆ ನೀವೇ ಹೋಗಿ ನಿಂತ್ಕಳ್ರಿ."

ಗೌಡರು ಕಲ್ಲನ್ನೊಮ್ಮೆ ಸುತ್ತಿ ಬಂದರು. ಆಮೇಲೆ ಲಾರಿ ಎಲ್ಲಿ ಸಿಗುತ್ತದೆಂದು ನನ್ನನ್ನೇ ಕೇಳಿದರು. ಬೆನ್ನು ನನ್ನದೆಂದು ನಾನು ಬಾಯಿಬಿಡಲಿಲ್ಲ. ಬಿಟ್ಟಿದ್ದರೂ ಆಕೆ ಒಪ್ಪುತ್ತಿರಲಿಲ್ಲ.

ಈಗ ಮೀಸೆ ಉದುರಿ ತೆಳ್ಳಗಾಗಿದೆ, ಬೆನ್ನು ತಾನಾಗಿಯೇ ಬಾಗಿದೆ. ನೆಟ್ಟಗಿರಿ ಎಂದು ಡಾಕ್ಟರು ಗದರುತ್ತಾರೆ. ನನಗೂ ಇಷ್ಟು ದಿನ ನಾಚಿಕೆಯಿತ್ತು. ಕಂಬಳಿ ತಂದ ಸಂಜೆ ಅದನ್ನು ಹೊದ್ದು, ಹಳೆ ಸೀರೆಯಲ್ಲಿ ಸುತ್ತಿದ ಮೊಮ್ಮಗಳನ್ನು ಮಡಿಲಿಗೆ ಹಾಕಿಕೊಂಡೆ.

"ಬೆನ್ನು ನೋವು ಅಂತೀರಿ, ನೆಟ್ಟಗೆ ಕುಂತ್ಕಳ್ರಿ" ಎಂದಳು ಹೆಂಡತಿ.

ಕಿಟಕಿಯಿಂದ ತಣ್ಣನೆ ಗಾಳಿ ಬರುತ್ತಿತ್ತು. ನಾನು ಇನ್ನೂ ಸ್ವಲ್ಪ ಬಗ್ಗಿದೆ.