ಎರಡು ಕಣ್ಣೂ ಒಪ್ಪಿದ ಬೂದು

ಮಾರ್ಗಳಿ ತಿಂಗಳ, ನಮ್ಮ ಧನುರ್ಮಾಸದ, ಬೆಳಗು; ಆರೂಮುಕ್ಕಾಲು ಗಂಟೆ. ತಿರುಪ್ಪೂರಿನ ಕಾಂಗೇಯಂ ರಸ್ತೆಯ ಬಣ್ಣದಂಗಡಿಯ ಹಿಂಬಾಗಿಲು ಆಗಲೇ ತೆರೆದಿದೆ. ಓಣಿಯಲ್ಲಿ ಬಡಗಣ ಆಕಾಶಕ್ಕೆ ಮುಖ ಮಾಡಿ ತುಳಸಿಮಣಿ ನಿಂತಿದ್ದಾರೆ. ಎಡಗೈಯಲ್ಲಿ ಯಾವುದೋ ಗೋಡೆಯಿಂದ ಬ್ಲೇಡಿನಲ್ಲಿ ಎಬ್ಬಿಸಿ ತಂದ ಅಂಚೆಚೀಟಿಯಷ್ಟು ಚಕ್ಕೆ. ಬಲಗೈಯಲ್ಲಿ ಬಿಳಿ ರಟ್ಟು. ಅದರ ಮೇಲೆ ನಿನ್ನೆ ಸಂಜೆ ಬಳಿದು ಒಣಗಿಸಿದ ಆರು ಪಟ್ಟೆ. ಆರೂ ತಿಳಿ ಬೂದು. ನಿಮ್ಮ ನನ್ನ ಕಣ್ಣಿಗೆ ಆರೂ ಒಂದೇ.

ಅವರು ಚಕ್ಕೆಯನ್ನು ಒಂದೊಂದು ಪಟ್ಟೆಯ ಪಕ್ಕಕ್ಕೂ ಹಿಡಿಯುತ್ತಾರೆ. "ಇದು ಹಸಿರಿಗೆ ಎಳೀತೈತೆ. ಇದಕ್ಕೆ ನೇರಳೆ ಜಂಭ. ಇದು ನೋಡ್ರಿ, ಗೋಡೆಯ ತಂಗಿ. ತಂಗಿನ ತಂದು ಅಕ್ಕನ ಜಾಗದಲ್ಲಿ ಕೂರಿಸಿದ್ರೆ ಮದುವೆ ಮನೆಯವರಿಗೆ ಗೊತ್ತಾಗಲ್ವಾ?" ಎಂದು ನಗುತ್ತಾರೆ.

ನಗುವುದಕ್ಕೂ ಹೆಚ್ಚು ಹೊತ್ತಿಲ್ಲ. ಏಳೂಕಾಲಿಗೆ ಎದುರು ಗೋಡೌನಿನ ಹಳದಿ ಗೋಡೆಗೆ ಬಿಸಿಲು ಬೀಳುತ್ತದೆ. ಓಣಿಯೆಲ್ಲ ಹಳದಿಯಾಗುತ್ತದೆ. ಆಮೇಲೆ ಅಲ್ಲಿ ನಿಂತು ನೋಡಿದ ಬೂದು ಸುಳ್ಳು ಹೇಳುತ್ತದೆ. ಅದಕ್ಕೇ ಸೀರೆಯ ಮೇಲೊಂದು ಮಾಸಲು ಬಿಳಿ ಅಂಗಿ ತೊಟ್ಟುಕೊಂಡೇ ಅವರು ಕೆಲಸಕ್ಕೆ ನಿಲ್ಲುವುದು. "ಕೆಂಪು ಸೀರೆ ಉಟ್ಕೊಂಡು ಪಕ್ಕ ಹೋದ್ರೆ ಬೂದುಬಣ್ಣ ನಾಚ್ಕೊಂಡುಬಿಡ್ತೈತೆ" ಎನ್ನುತ್ತಾರೆ.

ತುಳಸಿಮಣಿಗೆ ಐವತ್ತೇಳು ವಯಸ್ಸು. ಈ ಅಂಗಡಿಯಲ್ಲಿ ಮೂವತ್ತೊಂದು ವರ್ಷ. ಬೇರೆ ಬೇರೆ ಕಂಪನಿಗಳ ಬಣ್ಣವನ್ನು ಒಂದಕ್ಕೊಂದು ಹೊಂದಿಸುವುದು ಅವರ ಕೆಲಸ. ಹತ್ತು ವರ್ಷದ ಹಿಂದೆ ಒಂದು ಕಂಪನಿಯ ಬಣ್ಣ ಬಳಿಸಿದವರು ಇವತ್ತು ಪೈಪು ಸೋರಿ ಕೆಟ್ಟ ಜಾಗಕ್ಕೆ ತೇಪೆ ಹಾಕಿಸಬೇಕು. ಆ ಕಂಪನಿ ಆ ಬಣ್ಣವನ್ನೇ ನಿಲ್ಲಿಸಿಬಿಟ್ಟಿರುತ್ತದೆ. ಆಗ ಚಕ್ಕೆ ಹಿಡಿದು ಇಲ್ಲಿಗೆ ಬರುತ್ತಾರೆ. ದಿನಕ್ಕೆ ಹದಿನಾಲ್ಕು ಹದಿನೈದು ಚಕ್ಕೆ ಬಂದರೆ ಅದರಲ್ಲಿ ಎಂಟೊಂಬತ್ತು ತಿಳಿ ಬೂದು. ಕೆಂಪು, ನೀಲಿಗಳನ್ನು ಅಂಗಡಿಯ ಯಂತ್ರವೇ ಓದಿ ಹೇಳುತ್ತದೆ. ಬೂದು ಬಂದರೆ ಮಾತ್ರ ಮಾಲೀಕರು ಪೊನ್ನುಸಾಮಿ ಒಳಗಿಂದ ತುಳಸಿಮಣಿಯನ್ನು ಕೂಗುತ್ತಾರೆ: "ಅಮ್ಮಿಣಿ, ಬಾರಮ್ಮ. ಯಂತ್ರ ನಿನ್ನ ಮುಖ ನೋಡ್ತಾ ಕೂತೈತೆ!"

ಕಷ್ಟ ಇರುವುದು ಬಿಳಿಯಲ್ಲಿ. ಒಂದು ಕಂಪನಿಯ ಬಿಳಿ ಹಾಲಿನದು, ಇನ್ನೊಂದರದು ಮಜ್ಜಿಗೆಯದು, ಮತ್ತೊಂದರದು ಸುಣ್ಣದ್ದು. ಆ ಬಿಳಿಗೆ ಸಿರಿಂಜಿನಲ್ಲಿ ಕಪ್ಪು, ಕಾವಿ, ಹಳದಿ, ನೀಲಿ ಸ್ಟೇನರು ಎಂಬ ಗಟ್ಟಿ ಬಣ್ಣಗಳನ್ನು ತೊಟ್ಟು ಲೆಕ್ಕದಲ್ಲಿ ಬಿಡಬೇಕು. ಒಂದು ಲೀಟರಿಗೆ ಕಾವಿ ಒಂದು ತೊಟ್ಟು ಹೆಚ್ಚಾಗುತ್ತದೆ ಎಂದರೆ ಅವರು ಅರ್ಧ ತೊಟ್ಟು ಬಿಡುತ್ತಾರೆ. ಅರ್ಧ ತೊಟ್ಟು ಬಿಡುವುದು ಹೇಗೆ? ಒಂದು ಚಮಚ ಬಿಳಿಯಲ್ಲಿ ಒಂದು ತೊಟ್ಟನ್ನು ಕಲಸಿ, ಅದರಲ್ಲಿ ಅರ್ಧ ಚಮಚ ಹಾಕುತ್ತಾರೆ. ನಾನು ಈ ಊರಿಗೆ ಗೋಡೆ ಬಳಿಯಲು ಬಂದು ನಲವತ್ತು ವರ್ಷ ಮೀರಿತು. ಅರ್ಧ ತೊಟ್ಟು ಹಾಕುವ ಕೈಯನ್ನು ಇನ್ನೆಲ್ಲೂ ಕಂಡಿಲ್ಲ.

ಈ ಕಣ್ಣು ಬಂದದ್ದು ನೊಯ್ಯಲ್ ಹೊಳೆಯ ದಡದಿಂದ. ಅವರ ಅಪ್ಪ ನೂಲಿಗೆ ಬಣ್ಣ ಅದ್ದುತ್ತಿದ್ದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿ ಒಣಗಿದ ನೂಲಿನ ಲಡಿಗಳನ್ನು ಬಣ್ಣಕ್ಕೆ ಸರಿಯಾಗಿ ಬೇರೆ ಮಾಡಿ ಕಟ್ಟುತ್ತಿದ್ದಳು. ತಪ್ಪು ಲಡಿ ಸೇರಿದರೆ ಬಟ್ಟೆಯಲ್ಲಿ ಗೆರೆ ಬೀಳುತ್ತದೆ. ಅಪ್ಪನ ಕೈಯ ಏಟೂ ಬೀಳುತ್ತದೆ. ಮದುವೆಯಾಗಿ ಐದು ವರ್ಷಕ್ಕೆ ಟೆಂಪೋ ಓಡಿಸುತ್ತಿದ್ದ ಗಂಡ ಪಲ್ಲಡಂ ರಸ್ತೆಯಲ್ಲಿ ತೀರಿಕೊಂಡ. ಎರಡು ವರ್ಷದ ಮಗನನ್ನು ಸೊಂಟದಲ್ಲಿ ಎತ್ತಿಕೊಂಡು ಡಬ್ಬ ತೊಳೆಯುವ ಕೆಲಸಕ್ಕೆ ಇಲ್ಲಿ ಸೇರಿದರು. ಒಂದು ದಿನ ತೊಳೆಯುತ್ತಲೇ, "ಅಣ್ಣಾ, ಈ ಎರಡು ಡಬ್ಬಿ ಒಂದೇ ಅಂತ ಚೀಟಿ ಹೇಳ್ತೈತೆ. ಅಲ್ಲ" ಎಂದರು. ಪೊನ್ನುಸಾಮಿ ಎರಡನ್ನೂ ಗೋಡೆಗೆ ಬಳಿಸಿ ನೋಡಿದರು. ಮಾರನೆಯ ದಿನದಿಂದ ಡಬ್ಬ ತೊಳೆಯಲು ಬೇರೆಯವರು ಬಂದರು.

ತಿರುಪ್ಪೂರಿನಲ್ಲಿ ತಿಳಿ ಬೂದಿಗೆ ಇರುವ ಮರ್ಯಾದೆ ಬೇರೆ ಊರಿನಲ್ಲಿ ಇರಲಾರದು. ಇಲ್ಲಿನ ಬನಿಯನ್ ಕಂಪನಿಗಳಲ್ಲಿ ಬಟ್ಟೆಯ ಬಣ್ಣ ನೋಡುವುದಕ್ಕೆಂದೇ ಒಂದು ಕೋಣೆ ಇರುತ್ತದೆ. ಅದರ ನಾಲ್ಕೂ ಗೋಡೆ ತಿಳಿ ಬೂದು. ಗೋಡೆ ಯಾವ ಬಣ್ಣದ ಕಡೆಗೂ ವಾಲಬಾರದು. ವಾಲಿದರೆ ನೋಡುವವನ ಕಣ್ಣೂ ವಾಲುತ್ತದೆ, ಒಳ್ಳೆಯ ಬಟ್ಟೆ ತಿರಸ್ಕಾರವಾಗುತ್ತದೆ. ಅವಿನಾಶಿ ರಸ್ತೆಯ ಒಂದು ಕಂಪನಿಯಲ್ಲಿ ಆ ಕೋಣೆಯನ್ನು ನೋಡಿಕೊಳ್ಳುವವರು ಸೆಂಗೋಡನ್. ಹೋದ ಆಡಿ ತಿಂಗಳಲ್ಲಿ, ಆಷಾಢದ ಹೊತ್ತಿಗೆ, ಏಸಿಯ ನೀರು ಇಳಿದು ಒಂದು ಗೋಡೆಯಲ್ಲಿ ಎರಡು ಮೊಳದಷ್ಟು ಬಣ್ಣ ಎದ್ದುಹೋಯಿತು. ಹನ್ನೊಂದು ವರ್ಷದ ಹಿಂದಿನ ಆ ಬಣ್ಣ ಈಗ ಸಿಗುವುದಿಲ್ಲ. ತುಳಸಿಮಣಿ ಬೇರೆ ಕಂಪನಿಯದರಲ್ಲಿ ಹೊಂದಿಸಿ ಕೊಟ್ಟರು.

ಮೂರನೇ ದಿನ ಡಬ್ಬಿ ವಾಪಸು ಬಂತು. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು.

"ಅಕ್ಕಾ, ಗೋಡೆ ಮೇಲೆ ಯಾರೋ ನೀಲಿ ಹಾಕಿದ ಬನಿಯನ್ ಒಣಗಾಕಿದಂಗೆ ಕಾಣ್ತೈತೆ" ಎಂದರು ಸೆಂಗೋಡನ್.

"ನಿನ್ ಕಣ್ಣು ತೋರಿಸ್ಕೋ ಹೋಗು ತಂಬಿ."

"ನಾನು ತೋರಿಸ್ಕೊಂಡೇ ಬಂದೆ ಅಕ್ಕಾ. ಹತ್ತು ಜನಕ್ಕೆ ಗೋಡೆ ತೋರಿಸ್ದೆ."

ಅಕ್ಕ ರಟ್ಟನ್ನು ಪೊನ್ನುಸಾಮಿಗೆ ತೋರಿಸಿದರು. ನೀಲಿ ಎಂದರು. ಓಣಿಯಲ್ಲಿ ಸೊಪ್ಪು ಮಾರುವಾಕೆಗೆ ತೋರಿಸಿದರು. ಆಕೆ ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸದೆ, "ಇದೇನು ಕೇಳ್ತೀಯ, ನೀಲಿ" ಎಂದು ನಡೆದಳು. ನೀಲಿ ಕಾಣದೇ ಇದ್ದದ್ದು ತುಳಸಿಮಣಿಯ ಕಣ್ಣಿಗೆ ಮಾತ್ರ. "ಕೈ ಹೋದ್ರೆ ಕಾಲಲ್ಲಾದ್ರೂ ಕಲಸ್ತಿದ್ದೆ. ಕಣ್ಣು ಹೋದ್ರೆ ನಾನು ಮತ್ತೆ ಡಬ್ಬ ತೊಳೆಯೋಳೇ" ಎಂದು ಅವರು ನೆನೆಯುತ್ತಾರೆ.

ಕೊಯಮತ್ತೂರಿನ ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಪೊರೆ ಬೆಳೆಯುತ್ತಾ ಕಣ್ಣಿನೊಳಗೆ ಹಳದಿ ಗಾಜು ಇಟ್ಟಂತಾಗುತ್ತದಂತೆ. ಒಂದೇ ಕಂಪನಿಯ ಬಣ್ಣವಾಗಿದ್ದರೆ ಆ ಗಾಜಿನಿಂದ ತೊಂದರೆ ಇರಲಿಲ್ಲ. ಚಕ್ಕೆಯಲ್ಲಿ ಇರುವುದೇ ಡಬ್ಬಿಯಲ್ಲೂ ಇರುತ್ತದೆ. ಕಂಪನಿ ಬೇರೆಯಾದರೆ ಬಣ್ಣದ ಪುಡಿ ಬೇರೆ. ಹಳದಿ ಗಾಜಿನಲ್ಲಿ ಎರಡೂ ಒಂದೇ ಎನಿಸಿದ್ದು ಬಿಳಿ ಬೆಳಕಿನಲ್ಲಿ ಬೇರೆಯಾಗಿ ನಿಲ್ಲುತ್ತದೆ. ತಪ್ಪು ಕೈಯದಲ್ಲ, ಲೆಕ್ಕದ್ದೂ ಅಲ್ಲ.

ಆಡಿ ಕಳೆದು ಎರಡನೇ ತಿಂಗಳು, ಪುರಟ್ಟಾಸಿಯಲ್ಲಿ, ಬಲಗಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ದಿನ ಸೊಸೆ ಲೋಟದಲ್ಲಿ ಹಾಲು ಕೊಟ್ಟರೆ, "ಇದಕ್ಕೆ ಯಾಕೆ ನೀಲಿ ಹಾಕಿದ್ದೀಯ?" ಎಂದು ಕೇಳಿದರಂತೆ. ಆರು ವಾರ ಅಂಗಡಿಗೆ ಬರಲಿಲ್ಲ. ಬಂದ ದಿನ ಇನ್ನೊಂದು ಫಜೀತಿ. ಬಲಗಣ್ಣಿಗೆ ಒಪ್ಪಿದ ಬೂದನ್ನು ಎಡಗಣ್ಣು ಒಪ್ಪುವುದಿಲ್ಲ. ಎಡಗಣ್ಣಿಗೆ ಸರಿಬಂದದ್ದು ಬಲಗಣ್ಣಿಗೆ ನೀಲಿ. ಎರಡು ಕಣ್ಣೂ ತೆರೆದು ನೋಡಿದರೆ ತಲೆ ತಿರುಗುತ್ತದೆ. "ಅತ್ತೆ ಸೊಸೆನ ಒಂದೇ ಅಡುಗೆಮನೇಲಿ ಬಿಟ್ಟಂಗಾಯ್ತು."

ನಾಲ್ಕು ದಿನ ಹಾಗೇ ಕುಳಿತರು. ಐದನೇ ದಿನ, ಎರಡೂ ಕಣ್ಣಿಗೆ ಒಟ್ಟಿಗೆ ಒಪ್ಪುವ ಒಂದು ಬೂದು ಇದ್ದೇ ಇರಬೇಕು, ಇದ್ದರೆ ಅದು ಯಾವ ಬೆಳಕಿನಲ್ಲೂ ಅಲುಗಲಾರದು ಎಂದು ಅವರಿಗೆ ತೋಚಿತು. ಒಂದು ಕಣ್ಣು ಹಳದಿ ಬಲ್ಬು, ಇನ್ನೊಂದು ಕಣ್ಣು ಬೆಳಗಿನ ಆಕಾಶ. ಪ್ರಯೋಗಕ್ಕೆ ಸೆಂಗೋಡನ್ನರ ಗೋಡೆಯ ಚಕ್ಕೆಯನ್ನೇ ಕೈಗೆತ್ತಿಕೊಂಡರು. ನೀಲಿ ಸ್ಟೇನರನ್ನು ಮುಟ್ಟಲೇ ಇಲ್ಲ. ಕಪ್ಪು, ಹಳದಿ, ಕಣ್ಣಿಗೆ ಕಾಣದಷ್ಟು ಕಾವಿ. ಒಂದು ಕಣ್ಣು ಮುಚ್ಚಿ ನೋಡುವುದು, ಇನ್ನೊಂದು ಮುಚ್ಚಿ ನೋಡುವುದು, ಮತ್ತೆ ಕಲಸುವುದು. ಇಪ್ಪತ್ತಮೂರನೇ ಪಟ್ಟೆಗೆ ಎರಡು ಕಣ್ಣೂ ತಲೆಯಾಡಿಸಿದವು.

ಗೋಡೆ ಒಣಗಿದ ಮೇಲೆ ನಾನೂ ಹೋಗಿ ನೋಡಿದೆ. ಸೆಂಗೋಡನ್ ಕೋಣೆಯ ಮೂರು ತರದ ದೀಪಗಳನ್ನೂ ಒಂದಾದ ಮೇಲೊಂದು ಹಾಕಿದರು. ಬಗ್ಗಿ ನೋಡಿದರು, ಮೂಲೆಯಿಂದ ನೋಡಿದರು. ಕೊನೆಗೆ ಅಂಗೈಯಿಂದ ಗೋಡೆಯನ್ನು ಸವರತೊಡಗಿದರು. ತೇಪೆಯ ಅಂಚು ಬೆರಳಿಗೆ ತಗುಲಿತು. "ಕೈಗೆ ಸಿಕ್ತು ಸ್ವಾಮಿ, ಕಣ್ಣಿಗೆ ಸಿಗಲ್ಲ" ಎಂದರು. ಬಣ್ಣದ ಮೇಲೇ ಬದುಕು ಸವೆಸಿದ ನಾನೂ ಆ ಅಂಚನ್ನು ಬೆರಳಿನಲ್ಲೇ ಹುಡುಕಬೇಕಾಯಿತು. ಅಲ್ಲಿ ಒಬ್ಬ ಹೆಂಗಸಿನ ನಾಲ್ಕು ತಿಂಗಳ ಸಂಕಟ ಇತ್ತು. ನೋಡಿದರೆ ಬರೀ ಗೋಡೆ.

ಈಗ ಅವರಿಗೆ ಒಂದೇ ಅವಸರ. ಎಡಗಣ್ಣಿನ ಪೊರೆ ತೆಗೆಯಲು ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳ ಹತ್ತನೇ ದಿನ ಗೊತ್ತಾಗಿದೆ. ಅದಾದ ಮೇಲೆ ಆ ಹಳದಿ ಗಾಜು ಅವರ ಬಳಿ ಇರುವುದಿಲ್ಲ. ಅಷ್ಟರೊಳಗೆ ಐದು ಕಂಪನಿಗಳ ಬಿಳಿಯಲ್ಲಿ, ಊರಿನಲ್ಲಿ ಹೆಚ್ಚು ಕೇಳುವ ನಲವತ್ತು ತಿಳಿ ಬೂದುಗಳನ್ನು ಎರಡು ಕಣ್ಣಿಗೂ ಒಪ್ಪಿಸಿ, ರಟ್ಟಿನ ಹಿಂದೆ ತೊಟ್ಟಿನ ಲೆಕ್ಕ ಬರೆಸಿ ಇಡಬೇಕೆಂದು ಹೊರಟಿದ್ದಾರೆ. ಹದಿನೇಳು ಮುಗಿದಿವೆ. ಪೊನ್ನುಸಾಮಿ ಬೈಯುತ್ತಾರೆ: "ಬೂದಿಗೋಸ್ಕರ ಪೊರೆ ಸಾಕ್ತೀಯಾ ಅಮ್ಮಿಣಿ? ಎಡವಿ ಬಿದ್ದೀಯ!"

ತುಳಸಿಮಣಿ ಹದಿನೆಂಟನೆಯ ರಟ್ಟಿಗೆ ಪಟ್ಟೆ ಎಳೆಯುತ್ತಲೇ ಉತ್ತರ ಕೊಡುತ್ತಾರೆ. "ಡಾಕ್ಟ್ರ ಹತ್ರ ಎಲ್ರೂ ಕಣ್ಣು ಬೇಗ ಸರಿ ಮಾಡ್ಕೊಡಿ ಅಂತಾರೆ. ನಾನು ಇನ್ನೊಂದು ತಿಂಗಳು ಕೆಟ್ಟಿರ್ಲಿ ಅಂತ ಕೇಳ್ದೆ. ಅವರು ನಕ್ಕು, ತೈ ಹತ್ತರವರೆಗೆ ಕೊಟ್ಟಿದ್ದಾರಣ್ಣ. ನಲವತ್ತೂ ಮುಗಿಸ್ತೀನಿ."