ಖ್ವಾತ್ ದೊಡ್ಡಪ್ಪನ ಕೆಂಪು ಟೊಪ್ಪಿಗೆ

ನಮ್ಮ ಶಿಬಿರದಲ್ಲಿ ಖ್ವಾತ್ ದೊಡ್ಡಪ್ಪನಷ್ಟು ಸಣಕಲು ಮನುಷ್ಯ ಇನ್ನೊಬ್ಬರಿರಲಿಲ್ಲ. ಹುರುಳಿಕಾಯಿ ಕೀಳಲು ಬಗ್ಗಿದರೆ ಗಿಡದ ಮರೆಯಲ್ಲಿ ಕಾಣುತ್ತಲೇ ಇರಲಿಲ್ಲ, ಕೆಮ್ಮು ಕೇಳಿ ಎಲ್ಲಿದ್ದಾರೆಂದು ಪತ್ತೆ ಹಚ್ಚಬೇಕಿತ್ತು. ಇಂಥವರು ಒಂದು ಕಾಲದಲ್ಲಿ ವಿಮಾನದಿಂದ ಹಾರುತ್ತಿದ್ದ ಸಿಪಾಯಿ ಎಂದರೆ ಹೊಸಬರು ನಗುತ್ತಿದ್ದರು. ಹಾಗೆ ನಕ್ಕವರಿಗೆ ನಾನು ಸಾಮಾನು ಕೊಡುತ್ತಿರಲಿಲ್ಲ. ನನ್ನ ಅಂಗಡಿ, ನನ್ನಿಷ್ಟ.

ನಾನು ಸೋಲಾಂಜ್. ಅಪ್ಪ ಫ್ರೆಂಚ್ ಸಿಪಾಯಿ, ಅವ್ವ ಹೈಫಾಂಗಿನವಳು. ವಿಯೆಟ್ನಾಮಿನಲ್ಲಿ ಫ್ರೆಂಚರ ಆಟ ಮುಗಿದ ಮೇಲೆ ನಮ್ಮಂಥ ಅರೆಬರೆ ಫ್ರೆಂಚರನ್ನೆಲ್ಲ ಹಡಗಿಗೆ ತುಂಬಿ, ಫ್ರಾನ್ಸಿನ ಲೋಟ್ ನದಿಯ ಪಕ್ಕದ ಈ ಹಳೇ ಬ್ಯಾರಕ್ಕುಗಳಿಗೆ ತಂದು ಸುರಿದರು. ಸ್ವಲ್ಪ ದಿನ ಇರಿ ಅಂದಿದ್ದರು. ಆ ಸ್ವಲ್ಪ ದಿನದಲ್ಲಿ ನನ್ನ ಕೂದಲು ಬೆಳ್ಳಗಾಯಿತು. ಅಕ್ಕಿ ಶ್ಯಾವಿಗೆ, ಒಣಮೀನು ಮಾರಿಕೊಂಡಿದ್ದೇನೆ. ದೊಡ್ಡಪ್ಪನ ಮನೆಗೂ ನನ್ನ ಅಂಗಡಿಗೂ ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು. ಹಾಗಾಗಿ ಅವರ ಕಥೆ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?

ಅವರ ಪ್ಯಾರಾಶೂಟ್ ರೆಜಿಮೆಂಟು ಹೆಸರಿಗೆ ಫ್ರಾನ್ಸಿನದು. ಫ್ರಾನ್ಸಿನಿಂದ ಬರುವ ಹುಡುಗರು ಸಾಲದೆ ಬಂದಾಗ ನಮ್ಮ ಹಳ್ಳಿಗಳ ಹುಡುಗರಿಗೂ ರೆಜಿಮೆಂಟಿನ ಕೆಂಪು ಟೊಪ್ಪಿಗೆ ತೊಡಿಸಿ, ಅವರದೇ ಗದ್ದೆಗಳ ಮೇಲೆ ಅವರನ್ನು ಉದುರಿಸಿದರು. ದೊಡ್ಡಪ್ಪ ಮಾತ್ರ ಉದುರುತ್ತಿರಲಿಲ್ಲ. ಉಳಿದವರೆಲ್ಲ ಇಳಿದು, ಸಾಲು ಕಟ್ಟಿ, ಸಿಗರೇಟು ಹಚ್ಚಿದರೂ ಇವರು ಮೇಲೇ ತೇಲುತ್ತ ಪಕ್ಕದೂರಿನ ಬಾತುಕೋಳಿ ಕೊಳಕ್ಕೆ ಹೋಗಿ ಬೀಳುತ್ತಿದ್ದರು. ಕೊನೆಗೆ ಸಾರ್ಜೆಂಟ್ ಗಾಸ್ತಾಂ ಲಬಾದಿ ತನ್ನ ಮಾರ್ಟರ್ ತೋಪಿನ ಕೆಳಗಿಡುವ ಕಬ್ಬಿಣದ ತಟ್ಟೆಯನ್ನು ಇವರ ಕಾಲಿಗೆ ಬಿಗಿದ.

"ಈಗ ನೀನೂ ಮನುಷ್ಯರ ಥರ ಬೀಳ್ತೀಯ ಕಣೋ," ಅಂದನಂತೆ.

ತಟ್ಟೆಯಿಲ್ಲದೆ ಲಬಾದಿಯ ಮಾರ್ಟರ್ ನಿಲ್ಲದು. ಆದ್ದರಿಂದ ನೆಲ ಮುಟ್ಟಿದೊಡನೆ ಆ ಆನೆಯಂಥ ಆಳು ಇವರನ್ನು ಹುಡುಕಿಕೊಂಡು ಓಡಿ ಬರುತ್ತಿದ್ದ. ಹಾಗೆ ಬೆಳೆದ ಸ್ನೇಹ ಅದು. ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಫ್ರೆಂಚರು ಸೋತಾಗ ಇವರಿಬ್ಬರ ಜೊತೆಗಾರರು ಬಹಳ ಜನ ಕೆಸರಿನಲ್ಲೇ ಉಳಿದುಹೋದರು. ಮಣ್ಣು ಹಾಕುವವರಿಲ್ಲ, ಸಲಾಮು ಹೊಡೆಯುವವರಿಲ್ಲ. ಆಗಲೇ ಇವರಿಬ್ಬರೂ ಮಾತು ಕೊಟ್ಟುಕೊಂಡರು: ಯಾರು ಮೊದಲು ಹೋಗುತ್ತಾರೋ ಅವರ ಗುಂಡಿಯ ಮುಂದೆ ಇನ್ನೊಬ್ಬರು ಕೆಂಪು ಟೊಪ್ಪಿಗೆ ಹಾಕಿಕೊಂಡು ಸಲಾಮು ಹೊಡೆಯಬೇಕು.

ಆಮೇಲೆ ರೆಜಿಮೆಂಟನ್ನು ಅಲ್ಜೀರಿಯಾಕ್ಕೆ, ಅಲ್ಲಿನವರ ಸ್ವಾತಂತ್ರ್ಯ ಹೋರಾಟ ಹತ್ತಿಕ್ಕಲು ಕಳಿಸಿದರು, ಲಬಾದಿ ಅದರೊಡನೆ ಹೋದ. ದೊಡ್ಡಪ್ಪ ನಮ್ಮೊಡನೆ ಶಿಬಿರಕ್ಕೆ ಬಂದರು. ಆ ಯುದ್ಧವೂ ಮುಗಿದ ವರ್ಷ ಲಬಾದಿ ಸೈನ್ಯ ಬಿಟ್ಟು, ಇಲ್ಲೇ ಹತ್ತಿರದ ತನ್ನ ಹಳ್ಳಿಯ ಪ್ಲಮ್ ತೋಟಕ್ಕೆ ಮರಳಿದ. ಒಂದು ಭಾನುವಾರ ಬುಟ್ಟಿ ಹಣ್ಣು ಹೊತ್ತು ನಮ್ಮ ಗೇಟಿನಲ್ಲಿ ನಿಂತು, "ಎಲ್ಲಿದ್ದಾನೆ ನನ್ನ ತಟ್ಟೆ ಕಳ್ಳ?" ಎಂದು ಕೂಗಿದ. ಅಂದಿನಿಂದ ಯಾವ ಭಾನುವಾರವನ್ನೂ ತಪ್ಪಿಸಲಿಲ್ಲ.

ದೊಡ್ಡಪ್ಪನ ಹೆಂಡತಿ ಲಾನ್ ದೊಡ್ಡಮ್ಮ ಬೆಳಗಿನಿಂದ ಮೂಳೆ ಕುದಿಸಿ ಶ್ಯಾವಿಗೆಯ ಸಾರು ಮಾಡುತ್ತಿದ್ದರು. ಲಬಾದಿ ಶ್ಯಾವಿಗೆ ತಿಂದು, ಬಟ್ಟಲಿನಲ್ಲಿ ಉಳಿದ ಸಾರಿಗೆ ತಮ್ಮೂರ ಪದ್ಧತಿಯಂತೆ ಕೆಂಪು ವೈನು ಸುರಿದು ಎತ್ತಿ ಗಟಗಟ ಕುಡಿಯುತ್ತಿದ್ದ.

"ಅಯ್ಯೋ ನಿನ್ನ ಬಾಯಿಗಿಷ್ಟು!" ದೊಡ್ಡಮ್ಮ ತಲೆ ಚಚ್ಚಿಕೊಳ್ಳುತ್ತಿದ್ದರು. "ಬೆಳಗ್ಗಿಂದ ಒಲೆ ಮುಂದೆ ಬೆಂದಿದ್ದೀನಿ. ಹಂದಿಗೆ ಮುಸುರೆ ಕಲಸಿದ ಹಾಗೆ ಕಲಸ್ತೀಯಲ್ಲ!"

"ಅತ್ತಿಗೆ, ನೀವು ಹೀಗೆ ಬೈದ್ರೇನೇ ರುಚಿ."

ಪಕ್ಕದ ಅಂಗಡಿಯಲ್ಲಿ ಕೂತು ನಾನು ನಗುತ್ತಿದ್ದೆ. ಆದರೆ ಅಲ್ಜೀರಿಯಾದ ಮಾತು ಬಂದರೆ ಆ ಮನೆ ತಣ್ಣಗಾಗುತ್ತಿತ್ತು. ಲಬಾದಿಯ ಮಗಳು ಕೊಲೆತ್ ತುಲೂಸಿನಲ್ಲಿ ನರ್ಸು. ಅಲ್ಜೀರಿಯಾದಲ್ಲಿ ಸಿಕ್ಕಿಬಿದ್ದವರ ಬಾಯಿ ಬಿಡಿಸಲು ಏನೇನು ಮಾಡಿದಿರಿ ಎಂದು ಅವಳು ಅಪ್ಪನನ್ನು ಒಮ್ಮೆ ನೇರವಾಗಿ ಕೇಳಿದಳಂತೆ. ಅವನು ಸುಳ್ಳು ಹೇಳಲಿಲ್ಲ. ಆಮೇಲೆ ಅವಳು ಊರಿಗೆ ಬರುವುದನ್ನೇ ಬಿಟ್ಟಳು.

ಹೋದ ಶರತ್ಕಾಲದಲ್ಲಿ ಲಬಾದಿ ತೋಟದಲ್ಲೇ ಕುಸಿದು ಸತ್ತ. ಕೊಲೆತ್ ಬಂದಳು. ಮಾಜಿ ಪ್ಯಾರಾಶೂಟ್ ಸಿಪಾಯಿಗಳ ಸಂಘದ ಅಧ್ಯಕ್ಷ ದೆಲ್ಮಾ ಬಾವುಟ ಹಿಡಿದು ಸಿಪಾಯಿ ಗೌರವ ಕೊಡುವ ಮಾತೆತ್ತಿದ್ದೇ ತಡ, ಅವಳು ಕಡ್ಡಿ ಮುರಿದಂತೆ ಹೇಳಿದಳು: "ನಾನು ನನ್ನ ಅಪ್ಪನ್ನ ಹೂಳ್ತಿದ್ದೀನಿ, ಸಿಪಾಯಿನ ಅಲ್ಲ. ಒಂದೇ ಒಂದು ಕೆಂಪು ಟೊಪ್ಪಿಗೆ ಸ್ಮಶಾನದ ಗೇಟು ದಾಟಬಾರದು."

ದೆಲ್ಮಾ ಕೆಂಡವಾಗಿ ದೊಡ್ಡಪ್ಪನ ಮನೆಗೆ ಬಂದ. "ರಸ್ತೆ ಅವಳಪ್ಪಂದಲ್ಲ. ಬಾವುಟ ಹಿಡಿದು ಗೇಟಿನಲ್ಲೇ ನಿಲ್ತೀವಿ. ಆದ್ರೆ ನೀನು ಒಳಗೆ ಹೋಗಲೇಬೇಕು. ಮಾತು ಕೊಟ್ಟವನು ನೀನು."

ನನಗೂ ಮೈ ಉರಿದಿತ್ತು. ಇಷ್ಟು ವರ್ಷ ಅಪ್ಪನ ಮುಖ ನೋಡದವಳು ಈಗ ಗೇಟು ಕಾಯುತ್ತಾಳಾ? "ಹೋಗಿ ದೊಡ್ಡಪ್ಪ, ಯಾರು ತಡೀತಾರೋ ನಾನು ನೋಡ್ಕೋತೀನಿ," ಅಂದೆ. ಅವರು ಟೊಪ್ಪಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅದರ ಧೂಳು ಕೊಡವುತ್ತ ಕೂತಿದ್ದರು. 

ಮಾರನೆಯ ಬೆಳಗ್ಗೆ ವ್ಯಾನು ತೆಗೆದೆ. ದೊಡ್ಡಪ್ಪ ಹೊರಬಂದರು. ಟೊಪ್ಪಿಗೆ ಇರಲಿಲ್ಲ. ಹಣೆಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿಕೊಂಡಿದ್ದರು. ಕೈಯಲ್ಲಿ ಒಂದು ಬಟ್ಟಲು ಅನ್ನ, ಅದರ ಮೇಲೆ ಬೇಯಿಸಿದ ಮೊಟ್ಟೆ, ಅನ್ನಕ್ಕೆ ಚುಚ್ಚಿದ ಎರಡು ಊಟದ ಕಡ್ಡಿ. ನಮ್ಮಲ್ಲಿ ಸತ್ತವರಿಗೆ ಇಡುವ ಊಟ ಅದು. ಆ ಬಿಳಿ ಪಟ್ಟಿಯನ್ನು ಮಾತ್ರ ಸತ್ತವರ ಮನೆಯವರೇ ಕಟ್ಟಬೇಕು, ಊರವರು ಕಟ್ಟುವಂತಿಲ್ಲ.

"ದೊಡ್ಡಪ್ಪ, ಇದನ್ನ ಕಟ್ಕೊಂಡು..."

"ಅಣ್ಣ ಸತ್ರೆ ತಮ್ಮ ಇನ್ನೇನು ಕಟ್ಕೋತಾನಮ್ಮ? ಗಾಡಿ ಬಿಡು."

ಸ್ಮಶಾನದ ಗೇಟಿನಲ್ಲಿ ದೆಲ್ಮಾ ಮತ್ತವನ ಮುದುಕರು ಬಾವುಟ ಹಿಡಿದು ನಿಂತಿದ್ದರು. ದೆಲ್ಮಾನ ಕಣ್ಣು ಕೆಂಪಾಯಿತು. "ಟೊಪ್ಪಿಗೆ ಎಲ್ಲಯ್ಯಾ? ಕೊಟ್ಟ ಮಾತು ಮುರಿಯೋಕೆ ನಾಚಿಕೆ ಆಗಲ್ವಾ ನಿಂಗೆ?"

"ಲಬಾದಿ ನನ್ನ ಬೈಕೊಳ್ಳಲಿ ಬಿಡು, ಅವನ ಕೈಲಿ ಬೈಸ್ಕೊಂಡು ಅಭ್ಯಾಸ ಇದೆ," ಅಂದರು ದೊಡ್ಡಪ್ಪ. "ಇವತ್ತಿನ ದಿನ ಅವನ ಮಗಳ ಹೊಟ್ಟೆ ಉರಿಸಲ್ಲ ನಾನು."

ಒಳಗೆ ಶವಪೆಟ್ಟಿಗೆಯ ಪಕ್ಕ ಕೊಲೆತ್ ಒಬ್ಬಳೇ ಬಿಗಿದುಕೊಂಡು ನಿಂತಿದ್ದಳು. ದೊಡ್ಡಪ್ಪ ಬಟ್ಟಲನ್ನು ಪೆಟ್ಟಿಗೆಯ ಮೇಲಿಡಲು ಹೋದಾಗ ಅಡ್ಡ ಬಂದಳು.

"ಅಲ್ಜೀರಿಯಾದಲ್ಲಿ ಅಪ್ಪ ಏನು ಮಾಡಿದ್ರು ಅಂತ ನಿಮಗೆ ಗೊತ್ತಾ?"

"ಗೊತ್ತು. ಅಳ್ತಾ ಹೇಳಿದ್ದಾನೆ." ದೊಡ್ಡಪ್ಪ ಬಟ್ಟಲನ್ನು ಎದೆಗೊತ್ತಿ ಹಿಡಿದುಕೊಂಡರು. "ಅವನು ಬೇರೆಯವರ ಊರಲ್ಲಿ ಮಾಡಿದ್ದನ್ನ ನಾನು ನಮ್ಮೂರಲ್ಲೇ, ನಮ್ಮ ಜನಕ್ಕೇ ಮಾಡಿದ್ದೆ ಮಗಳೇ. ಅದನ್ನ ಅವನೊಬ್ಬನಿಗೇ ಹೇಳಿದ್ದೆ. ನಾವಿಬ್ಬರೂ ಇನ್ಯಾರ ಮುಂದೆ ಕೂತು ಉಣ್ಣೋಕಾಗ್ತಿತ್ತು ಹೇಳು? ಅವನು ಒಳ್ಳೆಯವನು ಅಂತ ಹೇಳೋಕೆ ಬಂದಿಲ್ಲ ನಾನು. ಅನ್ನ ಇಟ್ಟು ಹೋಗ್ತೀನಿ."

ನನಗೆ ಈ ವಿಷಯ ಗೊತ್ತಿರಲಿಲ್ಲ. ಗೋಡೆಗೆ ಗೋಡೆ ಹಚ್ಚಿಕೊಂಡು ಇಷ್ಟು ವರ್ಷ ಬದುಕಿದರೂ ಗೊತ್ತಿರಲಿಲ್ಲ. 

ಕೊಲೆತ್ ಪಕ್ಕಕ್ಕೆ ಸರಿದಳು. ಅವರು ಬಟ್ಟಲನ್ನು ಇಟ್ಟು ಕೈ ಮುಗಿಯುವವರೆಗೂ ಆ ಬಿಳಿ ಪಟ್ಟಿಯನ್ನೇ ನೋಡುತ್ತಿದ್ದಳು.

"ಇದನ್ನ ಹೆಣ್ಣುಮಕ್ಕಳೂ ಕಟ್ತಾರಾ?"

"ಮಕ್ಕಳೇ ಮೊದಲು ಕಟ್ಟಬೇಕಮ್ಮ."

ದೊಡ್ಡಪ್ಪ ಪಟ್ಟಿ ಬಿಚ್ಚಿ, ಹಲ್ಲಿನಿಂದ ಕಚ್ಚಿ, ಉದ್ದಕ್ಕೆ ಎರಡಾಗಿ ಸೀಳಿದರು. ಅವಳು ಎತ್ತರದವಳು. ಅವರ ಕೈಗೆ ಎಟುಕಲೆಂದು ಮೊಣಕಾಲೂರಿದವಳು, ಅವರು ಪಟ್ಟಿ ಕಟ್ಟಿದ ಮೇಲೆ ಅಲ್ಲೇ ಪೆಟ್ಟಿಗೆಗೆ ಹಣೆ ಹಚ್ಚಿ, "ಅಪ್ಪಾ" ಎಂದು ಬಿಕ್ಕಿಬಿಕ್ಕಿ ಅತ್ತಳು.

ಮಣ್ಣಾದ ಮೇಲೆ ಸತ್ತವರ ಮನೆಯವರು ಗೇಟಿನ ಬಳಿ ನಿಂತು, ಬಂದವರ ಕೈ ಹಿಡಿದು ಮಾತಾಡುವುದು ಇಲ್ಲಿನ ರೂಢಿ. ಜನರ ನಡುವೆ ಮೆಲ್ಲಗೆ ಜಾರಿಕೊಳ್ಳುತ್ತಿದ್ದ ದೊಡ್ಡಪ್ಪನ ತೋಳನ್ನು ಕೊಲೆತ್ ಹಿಡಿದು ತನ್ನ ಪಕ್ಕ ನಿಲ್ಲಿಸಿಕೊಂಡಳು. ಊರವರು ಅವಳ ಕೈ ಹಿಡಿದರು, ಆಮೇಲೆ ಅವರದು. ರಸ್ತೆಯಲ್ಲಿ ನಿಂತಿದ್ದ ದೆಲ್ಮಾ ಟೊಪ್ಪಿಗೆ ತೆಗೆದು ಜೇಬಿಗೆ ತುರುಕಿ ಸಾಲಿಗೆ ಬಂದ. ಅವನ ಹಿಂದೆ ನಾನು.

ನನ್ನ ಸರದಿ ಬಂದಾಗ ದೊಡ್ಡಪ್ಪನ ಕೈ ಹಿಡಿದೆ. ದಿನಬೆಳಗಾದರೆ ಮುಖ ನೋಡುವ ಮನುಷ್ಯನಿಗೆ ಏನು ಹೇಳುವುದು?

"ನಿಮ್ಮಣ್ಣ ಹೋಗ್ಬಿಟ್ರಲ್ಲ ದೊಡ್ಡಪ್ಪ," ಅಂದೆ.

"ಹೌದಮ್ಮ," ಅಂದರು. "ನಮ್ಮಣ್ಣ."