ಮಾರ್ಥಮ್ಮ ಕೊಡದ ಕ್ಷಮೆ

೨೦೧೮ರಲ್ಲಿ ನಾನು ಆಳಂದದ ಚರ್ಚಿನಲ್ಲಿ ಸಭಾಪಾಲಕನಾಗಿದ್ದೆ. ಅದಕ್ಕೂ ಮೊದಲು ಜೇವರ್ಗಿ, ಅಫಜಲಪುರದಲ್ಲಿ ಸೇವೆ ಮಾಡಿದ್ದರಿಂದ ಜನರ ಮನಸ್ಸು ಬಲ್ಲೆನೆಂಬ ಜಂಬ ಸ್ವಲ್ಪ ಇತ್ತು.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಯೇಸು ಪ್ರಾಣ ಕೊಟ್ಟದ್ದನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ. ಆ ಹೊತ್ತಿಗೆ ಸರಿಯಾಗಿ ಮಟಕಿ ಊರಿನ ಟ್ರ್ಯಾಕ್ಟರ್ ಚಾಲಕ ಪ್ರಭುದಾಸ ಎದ್ದು ಹೊರಗೆ ಹೋಗಿ ಚಪ್ಪಲಿಗಳ ಬಳಿ ಕೂರುತ್ತಿದ್ದ. "ನಾಯಿ ಒಯ್ತಾವ್ರಿ, ಕಾಯ್ತೇನಿ" ಎನ್ನುತ್ತಿದ್ದ. ನಾನು ನಂಬಿದೆ. ಸಾಲದ್ದಕ್ಕೆ ಒಮ್ಮೆ ಉಪದೇಶದಲ್ಲಿ ಅವನ ಸೇವೆಯನ್ನು ಹೊಗಳಿಯೂ ಬಿಟ್ಟೆ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಹೃದಯದ ಆಪರೇಷನ್‌ಗೆಂದು ಸೊಲ್ಲಾಪುರಕ್ಕೆ ಹೊರಡುವ ಹಿಂದಿನ ವಾರ ಅವನೇ ಬಂದು ಬಾಯಿಬಿಟ್ಟ. ಒಂಬತ್ತು ವರ್ಷಗಳ ಹಿಂದೆ ಹೆಂಡತಿ ಜ್ವರದಲ್ಲಿ ನರಳುವಾಗ ಇವನು ಕುಡಿದು ಬಿದ್ದಿದ್ದ. ಆಸ್ಪತ್ರೆಗೆ ಒಯ್ಯುವವರಿಲ್ಲದೆ ಅವಳು ತೀರಿಕೊಂಡಳು. ಅಂದಿನಿಂದ ಹೆಂಡ ಮುಟ್ಟಿಲ್ಲ, ಕರ್ತನ ಭೋಜನವನ್ನೂ ಮುಟ್ಟಿಲ್ಲ.

"ಸತ್ತರ ಯೇಸು ನನ್ನ ಒಳಗ ಕರಕೊಳ್ತಾನೇನ್ರಿ, ಪಾಸ್ಟರ್?"

ನನಗೆ ಗೊತ್ತಿದ್ದ ಕಾರಣಗಳನ್ನೆಲ್ಲ ಹೇಳಿದೆ. ನಾವು ಪಾಪದಲ್ಲಿದ್ದಾಗಲೇ ಆತ ನಮಗಾಗಿ ಸತ್ತ. ಊರು ದೂರವಿಟ್ಟವರ ಜೊತೆ ಕೂತು ಉಂಡ. ಪಕ್ಕದ ಶಿಲುಬೆಯಲ್ಲಿ ಸಾಯುತ್ತ ಬೇಡಿದ ಕಳ್ಳನಿಗೂ ಇಲ್ಲವೆನ್ನಲಿಲ್ಲ.

"ಅದು ಖರೇರಿ. ಆದ್ರ ನಮ್ಮತ್ತಿ ಮುಂದಿನ ಸಾಲಿನಾಗ ಕುಂತಿರ್ತಾಳ" ಎಂದ.

ಅತ್ತೆ ಮಾರ್ಥಮ್ಮ ಕ್ಷಮಿಸಿದರೆ ಇವನಿಗೆ ಧೈರ್ಯ ಬಂದೀತೆಂದು ಅವರ ಮನೆಗೆ ಹೋದೆ. ಜೋಳದ ಹಿಟ್ಟು ಸಾಣಿಸುತ್ತಲೇ ಎಲ್ಲ ಕೇಳಿಸಿಕೊಂಡರು.

"ಆಕಿ ನನ್ನ ಮಗಳ್ರಿ. ನಾ ಇನ್ನೂ ಮಾಫ್ ಮಾಡಿಲ್ಲ. ಸುಳ್ಳು ಹೇಳಂಗಿಲ್ಲ."

ನಾನು ಪೆಚ್ಚಾಗಿ ಎದ್ದೆ. ಬಾಗಿಲು ದಾಟುವಾಗ ಮತ್ತೆ ಕರೆದರು.

"ಆ ಊಟ ನನ್ನದೇನ್ರಿ? ಕರ್ತನದು. ನನ್ನ ಮಾಫಿಗಿ ಪ್ರಭುದಾಸ ಯಾಕ ಕಾಯಬೇಕು? ಬಾ ಅಂತ ಹೇಳ್ರಿ ಅವಗ."

ಆ ಭಾನುವಾರ ಕರ್ತನ ಭೋಜನವಿತ್ತು. ಪ್ರಭುದಾಸ ಒಳಗೇ ಉಳಿದ. ಮೊಣಕಾಲೂರಿ ರೊಟ್ಟಿ ತೆಗೆದುಕೊಂಡ. ಮಾರ್ಥಮ್ಮ ಅವನತ್ತ ನೋಡಲಿಲ್ಲ, ಎದ್ದೂ ಹೋಗಲಿಲ್ಲ.

ಕ್ರಿಸ್ತನ ಪ್ರೀತಿಗೆ ನಾನು ಮನುಷ್ಯರ ಜಾಮೀನು ಹುಡುಕುತ್ತ ಅಲೆದಿದ್ದೆ. ಅದು ಬೇಕಿಲ್ಲವೆಂದು ನನಗೆ ಕಲಿಸಿದ್ದು ಇನ್ನೂ ಕ್ಷಮಿಸಲಾರದ ಒಬ್ಬ ತಾಯಿ.

ಮಂಗಳವಾರ ಬಸ್ ಹತ್ತಿಸಲು ಹೋದಾಗ, ಭಯವಾಗುತ್ತಿದೆಯೇ ಎಂದು ಕೇಳಿದೆ.

"ಆಪರೇಷನ್ದು ಅದರಿ" ಎಂದ. "ಸತ್ತ ಮ್ಯಾಲಿಂದು ಇಲ್ರಿ."

ಅವನು ಬದುಕಿ ಬಂದ. ಬರದೆ ಹೋಗಿದ್ದರೂ ಆ ಮಾತು ಸುಳ್ಳಾಗುತ್ತಿರಲಿಲ್ಲ.